ಜನರ ಕಡೆಯ ಮೈಕು

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಲಿಫ್ಟ್ ಕಂಪನಿಯವರ ಕೆಲಸ ಮುಗಿಸಿ ಕಳಿಸಿದೆ. ‘ಬಾಗಿಲು ಮುಚ್ಚುತ್ತಿದೆ’ ಎಂಬುದನ್ನು ಆ ಹೆಂಗಸಿನಿಂದ ಹನ್ನೊಂದು ಸಲ ಹೇಳಿಸಿ, ಅದರಲ್ಲಿ ಒಂದನ್ನು ಆರಿಸಿ, ಅವಳು ಉಸಿರು ಎಳೆದುಕೊಂಡ ಸದ್ದನ್ನು ಕತ್ತರಿಸಿ ಎಸೆದೆ. ಲಿಫ್ಟಿಗೆ ಉಸಿರಾಟ ಯಾಕೆ? ನಲವತ್ತು ವರ್ಷ ಧ್ವನಿಮುದ್ರಣ ಮಾಡಿ ನಾನು ಬಂದು ನಿಂತಿರುವ ಮಹಡಿ ಇದು.

ಮಧ್ಯಾಹ್ನ ರೆಕಾರ್ಡ್ ಕಂಪನಿಯಿಂದ ಒಬ್ಬ ಮೇಡಂ ಫೋನ್ ಮಾಡಿದರು. ಬ್ಯಾಂಡಿನ ಲೈವ್ ಆಲ್ಬಮ್ಮನ್ನು ಮತ್ತೆ ತರುತ್ತಾರಂತೆ, ಮೂವತ್ತನಾಲ್ಕು ವರ್ಷ ಕಳೆದ ಮೇಲೆ! “ಸರ್, ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಗಲೇ ಇಲ್ಲ. ಹಾರ್ಡ್ ರಾಕ್ ಕೇಳೋರು ಈಗ ಅದನ್ನ ಹುಡುಕ್ಕೊಂಡು ಬರ್ತಿದಾರೆ” ಅಂದರು. ನನಗೆ ನಗು ಬಂತು. ಸಿಗಬೇಕಾದದ್ದು ಆಗಲೇ ಸಿಕ್ಕಿತ್ತು. ಎಂಟು ಹಾಡಿಗೂ ಒಬ್ಬನೇ ಪ್ರೇಕ್ಷಕ, ಒಂದೇ ಸೀಟಿ ಎಂದು ಆಗ ಒಬ್ಬ ವಿಮರ್ಶಕ ಬರೆದಿದ್ದ. ಪುಣ್ಯಾತ್ಮನ ಕಿವಿ ಚೆನ್ನಾಗಿತ್ತು. ಜನರ ಸದ್ದನ್ನೆಲ್ಲ ತೆಗೆದುಹಾಕಿ ಒಂದೇ ಚಪ್ಪಾಳೆಯ ತುಣುಕನ್ನು ಎಂಟು ಕಡೆ ಅಂಟಿಸಿದವನು ನಾನೇ. ಸೀಟಿ ಹೊಡೆದವನು ಆ ತುಣುಕಿನೊಳಗೇ ಸಿಕ್ಕಿಬಿದ್ದಿದ್ದ.

ಮೂಲ ಟೇಪಿನಿಂದ ಹೊಸದಾಗಿ ಮಿಕ್ಸ್ ಮಾಡಿಕೊಡಬೇಕಂತೆ. ಅಂದರೆ ಒಂದೊಂದು ವಾದ್ಯವನ್ನೂ ಒಂದೊಂದು ದನಿಯನ್ನೂ ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂದು ಮತ್ತೆ ಹೊಂದಿಸಬೇಕು. ಒಪ್ಪಿಕೊಂಡೆ. “ಗಾಯಕರ ಜೊತೆ ಒಂದು ಸಲ ಮಾತಾಡ್ತೀರಾ ಸರ್? ನಿಮ್ಮಣ್ಣ ಅಲ್ವಾ?” ಎಂದು ಕೇಳಿದರು. ಅಣ್ಣನೇ, ನನಗಿಂತ ನಾಲ್ಕು ವರ್ಷ ದೊಡ್ಡವನು. ಗಾಯಕನಿಗೂ ನನಗೂ ಮದುವೆ ಮುಂಜಿಗಳಲ್ಲಿ ಆಡುವಷ್ಟೇ ಮಾತು. ನೋಡೋಣ ಅಂದೆ.

ಮಾರ್ಚ್ ೫, ಬುಧವಾರ

ಅತ್ತಿಗೆ ಫೋನ್ ಮಾಡಿದ್ದರು. ಅವರ ಹೆಸರು ಫೋನಿನಲ್ಲಿ ಮೂಡಿದರೆ ಒಂದೋ ಯಾರದೋ ಮದುವೆ, ಇಲ್ಲವೇ ಸಾವು ಎಂದುಕೊಂಡೇ ಎತ್ತಿದೆ.

“ನಿಮ್ಮಣ್ಣನ ಗಂಟಲಲ್ಲಿ ಗಡ್ಡೆ ಇದೆ. ಕೆಟ್ಟದ್ದೇ ಅಂತೆ. ಇಪ್ಪತ್ತಾರಕ್ಕೆ ಆಪರೇಷನ್. ಧ್ವನಿಪೆಟ್ಟಿಗೆನೇ ತೆಗೀತಾರಂತೆ.”

“ಪೂರ್ತಿನಾ?”

“ಪೂರ್ತಿ. ಆಮೇಲೆ ಮಾತು ಬರಲ್ಲ. ಅವರೇನೂ ನಿನಗೆ ಹೇಳು ಅಂದಿಲ್ಲ, ನಾನೇ ಹೇಳ್ತಿದೀನಿ.”

ಯಾವ ಆಸ್ಪತ್ರೆ, ಎಷ್ಟನೇ ವಾರ್ಡು ಎಂದೆಲ್ಲ ಕೇಳಿದೆ. ಇನ್ನೂ ಸೇರಿಸಿಯೇ ಇಲ್ಲ ಮಾರಾಯ, ವಾರ್ಡೆಲ್ಲಿಂದ ಬರುತ್ತೆ ಅಂದರು.

ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಕ್ಲಚ್ ನಿಧಾನ ಬಿಡಿ, ಕನ್ನಡಿ ನೋಡಿ, ಎದುರಿಗಿರೋದು ಕಂಬ, ಅದು ಪಕ್ಕಕ್ಕೆ ಸರಿಯಲ್ಲ ಎಂದು ದಿನವಿಡೀ ಬಾಯಿ ನೋಯಿಸಿಕೊಳ್ಳುವ ಕೆಲಸ. ಒಂದು ಕಾಲದಲ್ಲಿ ಎರಡು ಸಾವಿರ ಜನ ತುಂಬಿದ ಸಭಾಂಗಣದ ಕೊನೆಯ ಗೋಡೆಗೆ ದನಿ ಮುಟ್ಟಿಸುತ್ತಿದ್ದವನು.

ಮಾರ್ಚ್ ೬, ಗುರುವಾರ

ಹೋಗಬೇಕಿತ್ತು. ಹೋಗಲಿಲ್ಲ. ಕೆಲಸವಿತ್ತು ಎಂದು ಬರೆದುಕೊಂಡರೆ ಈ ನೋಟ್‌ಬುಕ್ಕಿಗೂ ನಗು ಬಂದೀತು.

ಮಾರ್ಚ್ ೧೦, ಸೋಮವಾರ

ಟೇಪು ಬೇಯಿಸಿದೆ. ಆರು ಸುರುಳಿ, ಎರಡಂಗುಲ ಅಗಲದವು. ಇಷ್ಟು ಹಳೆಯ ಟೇಪನ್ನು ಹಾಗೇ ಓಡಿಸಿದರೆ ಅಂಟಿಕೊಂಡು ಮೇಲಿನ ಕಂದು ಲೇಪ ಕಿತ್ತುಬರುತ್ತದೆ. ಲೇಪ ಹೋದರೆ ಹಾಡೂ ಹೋಯಿತು. ಅದಕ್ಕೆ ಹಣ್ಣು ಒಣಗಿಸುವ ವಿದ್ಯುತ್ ಪೆಟ್ಟಿಗೆಯೊಂದನ್ನು ಇಟ್ಟುಕೊಂಡಿದ್ದೇನೆ. ಹದವಾದ ಶಾಖದಲ್ಲಿ ಎಂಟು ಗಂಟೆ, ನಡುವೆ ಒಮ್ಮೆ ಮಗುಚಬೇಕು. ಹೀಗೆ ಬೇಯಿಸಿದ್ದು ಕೆಲವು ವಾರ ಮಾತ್ರ ನೆಟ್ಟಗಿರುತ್ತದೆ. ಅಷ್ಟರಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು.

ಮೇಲಿನ ಮಹಡಿಯ ದರ್ಜಿ ಮೂಗರಳಿಸಿಕೊಂಡು ಇಳಿದು ಬಂದ. “ಏನ್ ಸಾರ್ ಅಡುಗೆ?” ಗಿಟಾರು ಬೇಯ್ತಿದೆ ಅಂದೆ. “ಉಪ್ಪು ನೋಡ್ಕೊಂಡು ಹಾಕಿ” ಎಂದು ಹೋದ.

ಗಾಯಕನ ಆಪರೇಷನ್ನಿಗೆ ಇನ್ನು ಹದಿನಾರು ದಿನ.

ಮಾರ್ಚ್ ೧೧, ಮಂಗಳವಾರ

ಟೇಪು ಚೆನ್ನಾಗಿ ಓಡಿತು. ಒಂದೊಂದು ಮೈಕಿಗೆ ಒಂದೊಂದರಂತೆ ಇಪ್ಪತ್ತನಾಲ್ಕು ಟ್ರ್ಯಾಕುಗಳೂ ಜೀವಂತ. ಹದಿನೇಳರಲ್ಲಿ ಗಾಯಕ. ಕೊನೆಯ ಎರಡು, ಇಪ್ಪತ್ತಮೂರು ಮತ್ತು ಇಪ್ಪತ್ತನಾಲ್ಕು, ವೇದಿಕೆಗೆ ಬೆನ್ನು ಹಾಕಿ ಜನರ ಕಡೆಗೆ ತೂಗುಹಾಕಿದ್ದ ಮೈಕುಗಳು.

ಐದನೆಯ ಹಾಡಿಗೆ ಬಂದಾಗ ನಿಲ್ಲಿಸಿ ಕಾಫಿ ಕುಡಿದೆ. ಆವತ್ತು ಏನಾಯಿತು ಎಂಬುದನ್ನು ಒಮ್ಮೆ ಬರೆದಿಟ್ಟುಬಿಡುತ್ತೇನೆ. ಎರಡನೆಯ ಚರಣದ ಮೊದಲಲ್ಲೇ ಗಾಯಕ ದನಿಯನ್ನು ಮೇಲಕ್ಕೆ ಒಯ್ದು ಅಲ್ಲೇ ನಿಲ್ಲಿಸಬೇಕು. ನಿಲ್ಲಲಿಲ್ಲ, ಒಡೆಯಿತು. ಅವನು ಮೈಕು ಬಿಟ್ಟು ಪಕ್ಕಕ್ಕೆ ಸರಿದ, ಆ ಚರಣ ಪೂರ್ತಿ ಹಾಡಲಿಲ್ಲ. ಮೂರನೆಯದಕ್ಕೆ ತಿರುಗಿ ಬಂದು ಹೇಗೋ ಮುಗಿಸಿದ. ನಾನು ಸಭಾಂಗಣದ ಹೊರಗೆ ರೆಕಾರ್ಡಿಂಗ್ ವ್ಯಾನಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಜನರ ಮೈಕುಗಳು ಟೇಪಿಗೆ ಹೋಗುತ್ತಿದ್ದವು, ಆದರೆ ನನ್ನ ಕಿವಿಗೆ ಬರದಂತೆ ಅವೆರಡನ್ನೂ ಇಳಿಸಿದ್ದೆ. ಅವು ಎಲ್ಲವನ್ನೂ ರಾಡಿ ಮಾಡುತ್ತವೆ. ಡ್ರಮ್ಮಿನ ಮೈಕುಗಳಿಂದ ಏನೋ ದೊಡ್ಡ ಗದ್ದಲ ನುಸುಳಿ ಬಂತು, ಅಷ್ಟೇ.

ಮುಗಿದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತಾ ವ್ಯಾನಿಗೆ ಬಂದ. “ಜನ ಏನ್ ಮಾಡಿದ್ರೋ?” ಎಂದು ಕೇಳಿದ. ಗಿಟಾರಿನ ಸ್ಪೀಕರುಗಳ ಮುಂದೆ ನಿಂತವನಿಗೆ ಬೇರೇನೂ ಕೇಳಿಸುವುದಿಲ್ಲ.

“ನಕ್ಕರು” ಅಂದೆ.

ಎರಡು ವಾರದ ಮೇಲೆ ಸ್ಟುಡಿಯೋದಲ್ಲಿ ಆ ಚರಣವನ್ನು ಮತ್ತೆ ಹಾಡಿಸಿ ಅದೇ ಟ್ರ್ಯಾಕಿಗೆ ತುಂಬಿದೆ. ಲೈವ್ ಆಲ್ಬಮ್ಮಿಗೆ ಹೀಗೆ ತೇಪೆ ಹಾಕುವುದು ನಮ್ಮ ಕಸುಬಿನಲ್ಲಿ ಮಾಮೂಲು. ಹೊಸದು ಕೂತರೆ ಹಳೆಯದು ಅಳಿಸಿಹೋಗುತ್ತದೆ. ಕೆಟ್ಟದ್ದೊಂದನ್ನು ಸರಿಮಾಡಿದೆ. ಆಮೇಲೆ ಅವನು ವೇದಿಕೆ ಹತ್ತಲೇ ಇಲ್ಲ, ವರ್ಷದೊಳಗೆ ಬ್ಯಾಂಡೂ ಒಡೆಯಿತು. ಅದು ಅವನ ಹಟ, ನಾನೇನು ಮಾಡಲಿ?

ಮಾರ್ಚ್ ೧೪, ಶುಕ್ರವಾರ

ಕಂಪನಿಯ ಮೇಡಂ ಬೆಳಿಗ್ಗೆ ನಗುತ್ತಾ, “ಸರ್, ಆ ಸೀಟಿಯೋರಿಗೆ ಈ ಸಲ ರಜಾ ಕೊಡಿ, ನಿಜವಾದ ಜನ ಬೇಕು” ಅಂದಿದ್ದರು. ಹಾಗಾಗಿ ಇಪ್ಪತ್ತಮೂರು, ಇಪ್ಪತ್ತನಾಲ್ಕನ್ನು ತೆರೆದೆ. ಹಾಡು ನಡೆಯುವಾಗ ಆ ಎರಡನ್ನು ನಾನು ಈವರೆಗೆ ಒಮ್ಮೆಯೂ ಕೇಳಿರಲಿಲ್ಲ. ಕೊನೆಯ ಹಾಡಿನ ನಂತರದ ಚಪ್ಪಾಳೆಯನ್ನಷ್ಟೇ ಕತ್ತರಿಸಿಕೊಂಡಿದ್ದೆ.

ಐದನೆಯ ಹಾಡು. ದೂರದಿಂದ, ಸಭಾಂಗಣದ ಸ್ಪೀಕರಿನಿಂದ ಬಂದ ಅವನ ದನಿ. ಮೇಲೇರುತ್ತದೆ, ಒಡೆಯುತ್ತದೆ. ನಾನು ಅಳಿಸಿದೆ ಅಂದುಕೊಂಡದ್ದು ಇಲ್ಲಿ ಉಳಿದುಕೊಂಡಿದೆ. ಆಮೇಲೆ ಒಂದು ಕ್ಷಣ ಬರೀ ಗಿಟಾರು. ಆಮೇಲೆ ಗದ್ದಲ. ಆ ಗದ್ದಲಕ್ಕೆ ಮೆಲ್ಲಗೆ ಮಾತು ಕೂಡಿಕೊಂಡಿತು.

ಅವರು ಹಾಡುತ್ತಿದ್ದರು. ಅವನು ಕೈಬಿಟ್ಟ ಪದದಿಂದಲೇ ಹಿಡಿದು, ಎರಡು ಸಾವಿರ ಜನ, ಇಡೀ ಚರಣವನ್ನು. ಶ್ರುತಿ ಎಲ್ಲೆಲ್ಲಿಯೋ ಇದೆ, ತಾಳ ಅರ್ಧ ಹೆಜ್ಜೆ ಹಿಂದೆ, ಆದರೆ ಒಂದು ಪದವೂ ತಪ್ಪಿಲ್ಲ. ಅವನು ತಿರುಗಿ ಬಂದ ಮೇಲೂ ನಿಲ್ಲಿಸಲಿಲ್ಲ, ಅವನ ಜೊತೆಗೇ ಕೊನೆಯವರೆಗೆ ಹಾಡಿದರು.

ನಗುವನ್ನು ಹುಡುಕಿದೆ. ಆರು ಸಲ ಕೇಳಿದೆ. ಒಬ್ಬನಾದರೂ ನಕ್ಕಿರಬೇಕು ಎಂದು ಎಡ ಬೇರೆ, ಬಲ ಬೇರೆ ಮಾಡಿ ಕೇಳಿದೆ. ಯಾರೂ ನಕ್ಕಿಲ್ಲ.

ಮಾರ್ಚ್ ೧೫, ಶನಿವಾರ

ಅಣ್ಣನ ಮನೆಗೆ ಫೋನ್ ಹಚ್ಚಿ, ಎತ್ತುವ ಮೊದಲೇ ಇಟ್ಟೆ.

ಮಾರ್ಚ್ ೧೭, ಸೋಮವಾರ

ಹೋಗಿಬಂದೆ. ಅಣ್ಣನೇ ಬಾಗಿಲು ತೆಗೆದ. ಸಣ್ಣಗಾಗಿದ್ದಾನೆ. ದನಿ ಪೂರ್ತಿ ಒಡೆದು ಬರೀ ಪಿಸುಮಾತಾಗಿದೆ.

“ಬಂದ್ಯಾ ಲಿಫ್ಟು? ಬಾಗಿಲು ಮುಚ್ಚುತ್ತಿದೆ, ಬೇಗ ಒಳಗೆ ಬಾ.”

ಯಾವುದೋ ಕಟ್ಟಡದಲ್ಲಿ ನನ್ನ ಕೆಲಸ ಕೇಳಿದ ದಿನದಿಂದ ನನಗೆ ಅದೇ ಹೆಸರು. ಸೋಫಾದ ಮೇಲೆ ಎದುರುಬದುರು ಕೂತೆವು. ಆಪರೇಷನ್ ಬಗ್ಗೆ ಕೇಳಿದರೆ, “ಇನ್ಮೇಲೆ ಕಲಿಯೋರಿಗೆ ಬೈಯೋಕಾಗಲ್ಲ, ಬರೀ ಬ್ರೇಕ್ ಒತ್ತೋದು” ಅಂದ. ಅಷ್ಟು ಹೇಳುವುದಕ್ಕೇ ಎರಡು ಸಲ ನೀರು ಕುಡಿದ. ಆಲ್ಬಮ್ ಮತ್ತೆ ಬರುವ ಸುದ್ದಿ ಹೇಳಿದೆ.

“ಆ ದರಿದ್ರ ಯಾರಿಗೆ ಬೇಕೋ? ಮಾಡೋದಾದ್ರೆ ಐದನೇ ಹಾಡು ತೆಗೆದುಬಿಡು.”

ಲೋಟ ಇಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತಿಗೆಗೆ ಎಲ್ಲ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ತರಕಾರಿ ಹೆಚ್ಚುತ್ತಲೇ ಇದ್ದರು.

“ನಾನು ಆವತ್ತು ಮುಂದಿನ ಸಾಲಲ್ಲೇ ಇದ್ದೆ. ನಮಗಿನ್ನೂ ಮದುವೆ ಆಗಿರಲಿಲ್ಲ. ನಾನೂ ಹಾಡ್ದೆ. ಎಷ್ಟು ಸಲ ಹೇಳಿದೀನಿ ಅವರಿಗೆ, ಬಾಯಿ ಬಡ್ಕೊಂಡಿದೀನಿ. ನೀನು ನನ್ನ ಸಮಾಧಾನಕ್ಕೆ ಹೇಳ್ತೀಯ, ನನ್ನ ತಮ್ಮನ ಕಿವಿ ಸುಳ್ಳು ಹೇಳಲ್ಲ ಅಂತಾರೆ.”

“ಹಾಗಾದ್ರೆ ಈಗಾದ್ರೂ ಕೇಳಿಸ್ತೀನಿ ಅತ್ತಿಗೆ.”

ಚಾಕು ಕೆಳಗಿಟ್ಟರು. “ಬೇಡ. ಇನ್ನು ಒಂಬತ್ತು ದಿನಕ್ಕೆ ದನಿನೇ ಇರಲ್ಲ ಅವರಿಗೆ. ಈಗ ಹೋಗಿ, ನೀನು ಹಾಡ್ತಾ ಇರಬಹುದಿತ್ತು, ಸುಮ್ಮನೆ ಬಿಟ್ಟೆ ಅಂತ ಹೇಳ್ತೀಯಾ? ನಿನ್ನ ಭಾರ ಇಳಿಯುತ್ತೆ. ಅದು ಅವರ ಮೇಲೆ ಕೂರುತ್ತೆ. ನನ್ನಾಣೆ, ಬೇಡ.”

ಸರಿ ಅತ್ತಿಗೆ ಎಂದು ಬಂದೆ. ಬಸ್ಸಿನಲ್ಲಿ ನಿಲ್ದಾಣ ದಾಟಿ ಎಷ್ಟೋ ಮುಂದೆ ಹೋಗಿ ಇಳಿದೆ.

ಮಾರ್ಚ್ ೧೯, ಬುಧವಾರ

ಇಲ್ಲಿ ಬರೆಯದಿದ್ದರೆ ಎಲ್ಲಿಯೂ ಬರೆಯುವುದಿಲ್ಲ. ಮೊನ್ನೆ ಅತ್ತಿಗೆಯ ಮುಂದೆಯೂ ನಾನು ಪೂರ್ತಿ ಹೇಳಲಿಲ್ಲ. ತಪ್ಪು ಕೇಳಿಸಿಕೊಂಡೆ ಅಂದೆ.

ತಪ್ಪು ಕೇಳಿಸಿಕೊಂಡಿರಲಿಲ್ಲ. ಆ ಗದ್ದಲ ಬಿಟ್ಟರೆ ನನಗೆ ಏನೂ ಕೇಳಿಸಿರಲೇ ಇಲ್ಲ. ನನ್ನ ಹೆಸರು ಅಚ್ಚಾಗುವ ಮೊದಲನೆಯ ಆಲ್ಬಮ್ ಅದು. ಅದರಲ್ಲಿ ಒಡೆದ ದನಿ ಇರಕೂಡದು ಎಂದಿತ್ತು ನನಗೆ. ಅಣ್ಣ ಎರಡನೆಯ ಸಲ ಹಾಡಲು ಒಪ್ಪುವವನಲ್ಲ. ಆದದ್ದು ಆಯ್ತು, ಇರಲಿ ಬಿಡು ಅನ್ನುವ ಜಾಯಮಾನ. ಜನ ನಕ್ಕರು ಅಂದರೆ ಒಪ್ಪುತ್ತಾನೆ ಎಂದು ಗೊತ್ತಿತ್ತು. ಅದಕ್ಕೇ ಹೇಳಿದೆ. ಅವನು ಒಪ್ಪಿ, ತಲೆ ತಗ್ಗಿಸಿಕೊಂಡು ಬಂದು, ಮೂರನೆಯ ಸಲಕ್ಕೆ ಸರಿಯಾಗಿ ಹಾಡಿಕೊಟ್ಟು ಹೋದ. ಆಹಾ ಎಷ್ಟು ನುಣುಪು ಎಂದು ನಾನು ಖುಷಿಪಟ್ಟಿದ್ದೆ.

ಇಷ್ಟು ವರ್ಷ ಅವನ ಹಟ, ಅವನ ಹಟ ಎಂದು ಯಾರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಥೂ.

ಮಾರ್ಚ್ ೨೦, ಗುರುವಾರ

ಆ ಚರಣದಲ್ಲಿ ಹದಿನೇಳನ್ನು ಮುಚ್ಚಿಬಿಟ್ಟೆ. ಸ್ಟುಡಿಯೋದ ತೇಪೆ ಹೋಯಿತು. ಅಲ್ಲೀಗ ಜನರ ಮೈಕುಗಳು, ಗಿಟಾರು, ಡ್ರಮ್ಮು ಮಾತ್ರ. ಮೂರನೆಯ ಚರಣಕ್ಕೆ ಅಣ್ಣನ ಮೈಕನ್ನು ಮತ್ತೆ ತೆರೆದು ಜನರನ್ನು ಹಿಂದಕ್ಕೆ ಸರಿಸಿದೆ. ಮಿಕ್ಸ್ ಹದಕ್ಕೆ ಬಂತು.

ಲಿಫ್ಟ್ ಕಂಪನಿಯವರು ಫೋನ್ ಮಾಡಿ, ಈ ವಾರ ಕಳಿಸಿದ್ದರಲ್ಲಿ ಆ ಹೆಂಗಸಿನ ಉಸಿರು ಕೇಳಿಸುತ್ತಿದೆ ಅಂದರು. ನಾನು ಗಮನಿಸಿರಲಿಲ್ಲ. ಇರಲಿ ಬಿಡಿ, ಮನುಷ್ಯಳಲ್ವಾ ಅಂದೆ. ಅವರಿಗೆ ಸಿಟ್ಟು ಬಂತೆಂದು ಕಾಣುತ್ತದೆ.

ಮಾರ್ಚ್ ೨೨, ಶನಿವಾರ

ಕೇಳಿಸಿಬಿಟ್ಟೆ.

ಅತ್ತಿಗೆಯ ಮಾತು ಮೀರಿದೆ. ಎರಡು ದಿನ ಯೋಚಿಸಿದೆ. ಅವರು ಹೇಳಿದ್ದು ಸರಿ ಅನ್ನಿಸುತ್ತಲೇ ಇತ್ತು. ಆದರೆ ಬುಧವಾರ ಆಪರೇಷನ್ ಆದ ಮೇಲೆ ಹೇಳಿದರೆ ಅವನಿಗೆ ನನ್ನನ್ನು ಬೈಯಲೂ ಆಗುವುದಿಲ್ಲ. ಬೈಯುವಷ್ಟಾದರೂ ದನಿ ಇರುವಾಗ ಹೇಳಬೇಕು ಅನ್ನಿಸಿತು. ಇದೂ ನನ್ನ ಸ್ವಾರ್ಥವೇ ಇರಬಹುದು.

ಅಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ತನ್ನ ಕಾರಿನಿಂದ ಸಾಮಾನು ತೆಗೆದುಕೊಳ್ಳಲು ಬಂದಿದ್ದ. ಎರಡೂ ಕಡೆ ಬ್ರೇಕ್ ಇರುವ ಕಾರು. ಅವನು ತನ್ನ ಎಂದಿನ ಎಡಗಡೆಯ ಸೀಟಿನಲ್ಲಿ, ನಾನು ಕಲಿಯುವವರ ಸೀಟಿನಲ್ಲಿ. ಮೊದಲು ‘ನಕ್ಕರು’ ಅಂದದ್ದರ ಕತೆಯನ್ನು ಹೇಳಿದೆ, ಏನೂ ಬಚ್ಚಿಡದೆ. ಅವನು ಮುಂದಿನ ಗಾಜನ್ನೇ ನೋಡುತ್ತಿದ್ದ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಐದನೆಯ ಹಾಡು ಹಾಕಿ ಹೆಡ್‌ಫೋನ್ ಕೊಟ್ಟೆ. ಪೂರ್ತಿ ಕೇಳಿದ. ಬೆರಳು ಎತ್ತಿ ಇನ್ನೊಮ್ಮೆ ಎಂದು ತೋರಿಸಿದ. ಮತ್ತೆ ಕೇಳಿದ. ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ.

“ಇಪ್ಪತ್ತೇಳು ವರ್ಷ ಆಗಿತ್ತು ನಂಗೆ ಆಗ.” ಪಿಸುಮಾತು. “ಗೊತ್ತಾ ನಿಂಗೆ? ಇಪ್ಪತ್ತೇಳು.”

“ಗೊತ್ತು ಅಣ್ಣ.”

“ಇಳಿ.”

“ಅಣ್ಣ…”

“ಇಳಿಯೋ ಕೆಳಗೆ.”

ಇಳಿದೆ. ಅವನು ಕೈ ಚಾಚಿ ಬಾಗಿಲು ಎಳೆದುಕೊಂಡ. ಅಂಗಳದ ಆಚೆ ತುದಿಯಲ್ಲಿ, ಸಾಲಾಗಿಟ್ಟ ಕೆಂಪು ಪ್ಲಾಸ್ಟಿಕ್ ಕಂಬಗಳ ಹತ್ತಿರ ನಿಂತುಕೊಂಡೆ. ಹೆಡ್‌ಫೋನನ್ನು ಮತ್ತೆ ಹಾಕಿಕೊಂಡದ್ದು ಕಾಣಿಸಿತು. ಅವನ ಬಾಯಿ ಆಡುತ್ತಿತ್ತು. ಹಾಡುತ್ತಿದ್ದನೋ, ನನ್ನನ್ನು ಬೈಯುತ್ತಿದ್ದನೋ ತಿಳಿಯಲಿಲ್ಲ, ಗಾಜು ಏರಿಸಿತ್ತು. ಹತ್ತಿರ ಹೋಗಿ ಕೇಳಿಸಿಕೊಳ್ಳುವ ಧೈರ್ಯ ಬರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಹೊರಬಂದು, ಲ್ಯಾಪ್‌ಟಾಪನ್ನೂ ಹೆಡ್‌ಫೋನನ್ನೂ ಕಾರಿನ ಮೇಲಿಟ್ಟು, ನನ್ನ ಕಡೆ ನೋಡದೆ ನಡೆದುಹೋದ.

ಸಂಜೆ ಅತ್ತಿಗೆಯ ಫೋನ್. “ಏನ್ ಮಾಡ್ದೆ ನೀನು? ಬಂದಾಗಿಂದ ಗೋಡೆ ಕಡೆ ಮುಖ ಮಾಡಿ ಮಲಗಿದಾರೆ.” ಹೇಳಿದೆ. ಫೋನ್ ಇಟ್ಟುಬಿಟ್ಟರು.

ಮಾರ್ಚ್ ೨೬, ಬುಧವಾರ

ಆಪರೇಷನ್ ಎಂಟು ಗಂಟೆ ಹಿಡಿಯಿತು. ನಾನು ಆಸ್ಪತ್ರೆಯ ಕೆಳಗಿನ ಮಹಡಿಯಲ್ಲೇ ಕೂತಿದ್ದೆ. ಅತ್ತಿಗೆ ಒಮ್ಮೆ ಕಾಫಿಗೆಂದು ಇಳಿದು ಬಂದರು. ನನ್ನನ್ನು ನೋಡಿದರು, ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಗಡ್ಡೆ ಪೂರ್ತಿ ಹೊರಬಂತಂತೆ.

ಮಾರ್ಚ್ ೨೯, ಶನಿವಾರ

ಬರಬೇಡ ಅನ್ನುತ್ತಿದ್ದಾನಂತೆ, ಕೈಸನ್ನೆಯಲ್ಲಿ. ಅತ್ತಿಗೆ ಮೆಸೇಜ್ ಹಾಕಿದ್ದರು.

ನೋವಾಯಿತು. ಆಗಲಿ.

ಏಪ್ರಿಲ್ ೧, ಮಂಗಳವಾರ

ಮಿಕ್ಸ್ ಯಾವಾಗ ಸರ್ ಎಂದು ಕಂಪನಿಯ ಮೇಡಂ ಕೇಳಿದರು. ಆಲ್ಬಮ್ ಐದನೆಯ ಹಾಡಿಲ್ಲದೆ ಬರಬಹುದು ಅಂದೆ. ಅಯ್ಯೋ, ಯಾಕೆ ಅಂದರು. ಗಾಯಕರು ಒಪ್ಪಬೇಕು, ಅದು ಅವರ ದನಿ, ನಂದಲ್ಲ ಅಂದೆ. ಹಿಂದೆ ಯಾವ ಗಾಯಕನನ್ನೂ ನಾನು ಹೀಗೆ ಕೇಳಿದ ನೆನಪಿಲ್ಲ. ವಯಸ್ಸಾಯಿತು, ಧೈರ್ಯ ಕಡಿಮೆಯಾಗಿರಬೇಕು.

ಏಪ್ರಿಲ್ ೪, ಶುಕ್ರವಾರ

ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿ, “ಬರಬೇಕಂತೆ. ಆ ನಿನ್ನ ಕಂಪ್ಯೂಟರೂ ತರಬೇಕಂತೆ” ಅಂದರು. ದನಿಯಲ್ಲಿ ಇನ್ನೂ ಬಿಗಿತವಿತ್ತು.

ಅಣ್ಣ ಆಸ್ಪತ್ರೆಯ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಕುತ್ತಿಗೆಯ ಮುಂದೆ ಒಂದು ತೂತು, ಅದರಲ್ಲಿ ನಳಿಕೆ. ಉಸಿರು ಈಗ ಅಲ್ಲಿಂದಲೇ ಓಡಾಡುತ್ತದೆ, ಅದರ ಸದ್ದು ಕೋಣೆಗೆಲ್ಲ ಕೇಳಿಸುತ್ತದೆ. ನನಗೆ ನೋಡಲಾಗಲಿಲ್ಲ, ಆದರೂ ನೋಡಿದೆ. ಅವನ ಮಡಿಲಲ್ಲಿ ಬರೆದು ಒರೆಸುವ ಸಣ್ಣ ಬಿಳಿ ಹಲಗೆ. ನಾನು ಕೂರುವ ಮೊದಲೇ ಬರೆದು ನನ್ನ ಕಡೆ ತಿರುಗಿಸಿದ.

‘ಕ್ಷಮಿಸಿಲ್ಲ.’

“ಗೊತ್ತು” ಅಂದೆ.

ನಾನು ಓದಿದ್ದು ಖಾತ್ರಿಯಾಗುವವರೆಗೆ ಹಿಡಿದೇ ಇದ್ದ. ಆಮೇಲೆ ಅಂಗೈಯಿಂದ ಒರೆಸಿ, ಹೆಡ್‌ಫೋನಿಗೆ ಕೈ ಚಾಚಿದ. ಊಟದ ತಟ್ಟೆ ಇಡುವ ಮೇಜನ್ನು ಹಾಸಿಗೆಗೆ ಅಡ್ಡ ಎಳೆದು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಐದನೆಯ ಹಾಡು ಹಾಕಿದೆ. ಕಣ್ಣು ಮುಚ್ಚಿಕೊಂಡು ಕೇಳಿದ. ದನಿ ಒಡೆಯುವಲ್ಲಿ ಅವನ ಮುಖ ಅಲುಗಲಿಲ್ಲ. ಜನ ಹಾಡಿದರು. ಮೂರನೆಯ ಚರಣ ಬಂತು. ಚಟ್ಟನೆ ಕೈ ಎತ್ತಿದ. ನಿಲ್ಲಿಸಿದೆ. ಹಲಗೆ ತೆಗೆದುಕೊಂಡು ಬರೆಯತೊಡಗಿದ, ಅಕ್ಷರ ಸೊಟ್ಟಪಟ್ಟ.

‘ನಾನು ತಿರುಗಿ ಬಂದ ಮೇಲೆ ಅವರನ್ನ ಯಾಕೆ ಇಳಿಸ್ತೀಯ?’

ಅಭ್ಯಾಸ ಅಂದೆ. ಗಾಯಕ ಬಾಯಿ ತೆರೆದರೆ ಮಿಕ್ಕವರನ್ನು ಇಳಿಸುವುದೇ ಇಷ್ಟು ವರ್ಷ ನಾನು ಮಾಡಿಕೊಂಡು ಬಂದದ್ದು. ಅವನು ಇಲ್ಲ ಎಂದು ತಲೆಯಾಡಿಸಿ, ಪರದೆಯ ಮೇಲೆ ಇಪ್ಪತ್ತಮೂರು, ಇಪ್ಪತ್ತನಾಲ್ಕು ಯಾವುದೆಂದು ಹುಡುಕಿ ಬೆರಳಿಟ್ಟ. ಏರಿಸಿದೆ. ಮೊದಲಿನಿಂದ ಹಾಕಿದೆ. ಕಿಟಕಿಯ ಹತ್ತಿರ ನಿಂತಿದ್ದ ಅತ್ತಿಗೆಯನ್ನು ಅವನು ಕೈಸನ್ನೆಯಿಂದ ಕರೆದು, ಹೆಡ್‌ಫೋನಿನ ಒಂದು ಕಡೆಯನ್ನು ಅವರ ಕಿವಿಗೆ ಒತ್ತಿ ಹಿಡಿದ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮೂರನೆಯ ಚರಣಕ್ಕೆ ಅಣ್ಣ ಇನ್ನೊಂದು ಕೈ ಎತ್ತಿ, ಅಂಗೈ ಮೇಲೆ ಮಾಡಿ, ಇನ್ನೂ, ಇನ್ನೂ ಎಂದು ತೋರಿಸುತ್ತಾ ಹೋದ. ಅವನ ದನಿ ಜನರೊಳಗೆ ಸೇರಿ ಬೇರೆಯಾಗಿ ಕೇಳಿಸದಷ್ಟು ಆಗುವವರೆಗೆ ನಾನು ಏರಿಸಿದೆ. ಆಗ ಕೈ ಇಳಿಸಿದ.